ಮದಗುಣಕಿ ಉಂಡವರ ಊರುಗಳಲ್ಲಿ

ಇಂಡಿಯಲ್ಲಿ ಇಳಿದಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಹಿಂದಿನ ದಿನ ಧಾರವಾಡದಿಂದ ಹೊರಟು ವಿಜಯಪುರದಲ್ಲಿ ಉಳಿದುಕೊಂಡು, ನಸುಕಿನ ಬಸ್ಸನ್ನೇ ಹಿಡಿದಿದ್ದೆ. ಸರ್ಕಾರಿ ಬಸ್ಸಿನಲ್ಲಿ ಈಗ ಹೆಂಗಸರು ದುಡ್ಡು ಕೊಡಬೇಕಾಗಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತಾರೆ. ಪಕ್ಕದಲ್ಲಿ ಕೂತವಳು ವಿಜಯಪುರದ ಮಾರುಕಟ್ಟೆಗೆ ನಿಂಬೆಹಣ್ಣು ಹಾಕಿ ಮರಳುತ್ತಿದ್ದಳು. ಅವಳ ಖಾಲಿ ಚೀಲಗಳಿಂದಲೂ ನಿಂಬೆಯ ವಾಸನೆ ಬರುತ್ತಿತ್ತು.

"ಯಾರ ಮನಿಗ್ರಿ?" ಎಂದು ಕೇಳಿದಳು.

"ತಂಗಿ ಮನಿಗಿ."

"ಏನರ ಕಾರ್ಯ ಐತೇನ್ರಿ?"

"ಏನಿಲ್ಲ. ಹಂಗ ಸುಮ್ನ ಹೊಂಟೇನಿ."

"ಇಷ್ಟ ಥಂಡ್ಯಾಗ ಸುಮ್ನ ಯಾರ ಹೋಗ್ತಾರ್ರಿ," ಎಂದು ಸೆರಗು ಹೊದ್ದುಕೊಂಡು ಕಣ್ಣು ಮುಚ್ಚಿದಳು.

ಅವಳ ಮಾತು ಸರಿಯಾಗಿತ್ತು. ನಾನು ಸುಮ್ಮನೆ ಹೊರಟವಳಲ್ಲ. ಹೋದ ವರ್ಷ ಎಳ್ಳಮಾವಾಸ್ಯೆಯ ದಿನ ಇಂಡಿಯ ಹತ್ತಿರದ ಒಂದು ಹೊಲದಲ್ಲಿ ನಾವು ನಾಲ್ಕು ಜನ ಒಂದೇ ಪಾತ್ರೆಯಿಂದ ಸೊಪ್ಪಿನ ಪಲ್ಯ ತಿಂದಿದ್ದೆವು. ಉಳಿದವರೆಲ್ಲ ಪುಂಡಿಪಲ್ಯ, ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಗೆ ಕೈಹಾಕಿದ್ದರು. ನಮಗೆ ಮಾತ್ರ ಹೊಲದಲ್ಲೇ ಕೊಯ್ದು ಅಲ್ಲೇ ಒಗ್ಗರಣೆ ಹಾಕಿದ ಎಳೆಯ ಸೊಪ್ಪು ರುಚಿಸಿತು. ಆ ರಾಜಗಿರಿ ಸೊಪ್ಪಿನಲ್ಲಿ ಮದಗುಣಕಿಯ ಎಲೆಗಳೂ ಸೇರಿದ್ದು ಯಾರಿಗೂ ತಿಳಿಯಲಿಲ್ಲ.

ಮದಗುಣಕಿ ಹೊಸ ಗಿಡವೇನಲ್ಲ. ತಿಪ್ಪೆಯ ಬದಿಯಲ್ಲಿ, ಹೊಲದ ಬದುವಿನಲ್ಲಿ, ಬಿದ್ದ ಗೋಡೆಗಳ ಬುಡದಲ್ಲಿ ತಾನಾಗಿ ಬೆಳೆಯುತ್ತದೆ. ಉದ್ದನೆಯ ಬಿಳಿ ಹೂವು, ಮೈತುಂಬ ಮುಳ್ಳಿನ ಕಾಯಿ. ದತ್ತೂರಿ ಎಂದು ಶಿವನಿಗೆ ಏರಿಸುವುದೂ ಇದನ್ನೇ. ಉಮ್ಮತ್ತಿ ಎಂಬ ಇನ್ನೊಂದು ಹೆಸರು ಉನ್ಮತ್ತ ಎಂಬ ಮಾತಿನಿಂದ ಬಂದದ್ದು. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದ ನನಗೆ ಹೆಸರುಗಳ ಮೂಲ ಗೊತ್ತಿತ್ತೇ ಹೊರತು ಎಲೆಯ ಗುರುತಿರಲಿಲ್ಲ.

ಊಟವಾಗಿ ಸ್ವಲ್ಪ ಹೊತ್ತಿಗೆ ಬಾಯಿ ಹತ್ತಿ ತುರುಕಿದಂತೆ ಒಣಗಿತು. ಬಿಸಿಲು ಕಣ್ಣಿಗೆ ಚುಚ್ಚತೊಡಗಿತು. ನೀರಿನ ತಂಬಿಗೆ ಎಂದು ಹಿಡಿಯಲು ಹೋದರೆ ಅಲ್ಲಿ ತಂಬಿಗೆ ಇರಲಿಲ್ಲ. ಇಂಡಿಯ ಆಸ್ಪತ್ರೆಗೆ ಯಾವಾಗ ತಂದರೋ ಗೊತ್ತಿಲ್ಲ. ಆಮೇಲೆ ನನಗೆ ನೆನಪಿರುವುದು ಒಂದೇ. ಕೆಲವು ವರ್ಷಗಳ ಹಿಂದೆ ತೀರಿಕೊಂಡ ನನ್ನ ಯಜಮಾನರು ಬಂದು ಮಂಚದ ಪಕ್ಕ ಕೂತಿದ್ದರು. ಕಿಟಕಿಗೆ ಬೆನ್ನಾಗಿ ಕೂತಿದ್ದರಿಂದ ಮುಖ ಕಪ್ಪಗಿತ್ತು. ನನ್ನ ಕೈ ಹಿಡಿದಿದ್ದರು. ನಾನು ಮಾತಾಡುತ್ತಲೇ ಇದ್ದೆ, ಅವರು ಹ್ಞೂಂಗುಡುತ್ತಿದ್ದರು. ಕರೆದಾಗೆಲ್ಲ "ಓ, ಇಲ್ಲೇ ಅದೇನಿ" ಎನ್ನುತ್ತಿದ್ದರು. ಅಷ್ಟು ನೆಮ್ಮದಿ ನನಗೆ ಅವರು ಬದುಕಿದ್ದಾಗಲೂ ಸಿಕ್ಕ ನೆನಪಿಲ್ಲ.

ವಿಷ ಇಳಿದ ಮೇಲೆ ಅಲ್ಲಿ ಯಾರೂ ಇರಲಿಲ್ಲ. ಧಾರವಾಡಕ್ಕೆ ಮರಳಿದೆ. ನಮಗೆ ಮಕ್ಕಳಿಲ್ಲ. ಅವರು ಹೋದ ಹೊಸದರಲ್ಲಿ ಖಾಲಿಯಾಗಿದ್ದ ಮನೆಗೆ ನಾನು ಹೇಗೋ ಒಗ್ಗಿಕೊಂಡಿದ್ದೆ. ಈ ಸಲ ಒಗ್ಗಲಿಲ್ಲ. ವಾಕಿಂಗ್ ಹೋಗುವ ದಾರಿಯಲ್ಲಿ ಕಾಂಪೌಂಡ್ ಗೋಡೆಯ ಬುಡದಲ್ಲಿ ಒಂದು ಮದಗುಣಕಿ ಗಿಡವಿತ್ತು. ದಿನವೂ ಅದರ ಮುಂದೆ ನಿಲ್ಲತೊಡಗಿದೆ. ಕಿತ್ತಿರಲಿಲ್ಲ. ಕೀಳುವುದಿಲ್ಲ ಎಂದು ನಿರ್ಧಾರವನ್ನೂ ಮಾಡಿರಲಿಲ್ಲ. ಅದನ್ನು ಯಾರ ಮುಂದೆ ಹೇಳುವುದು? ಆ ಪಲ್ಯ ಉಂಡವರನ್ನು ಬಿಟ್ಟರೆ ಬೇರೆ ಯಾರೂ ಹೊಳೆಯಲಿಲ್ಲ. ಸಂಕ್ರಮಣ ಮುಗಿಯುತ್ತಲೇ ಚೀಲ ತುಂಬಿಕೊಂಡು ಹೊರಟೆ.

ಪಲ್ಯ ಮಾಡಿ ನಮ್ಮ ಜೊತೆ ತಾನೂ ಉಂಡವಳು ನನ್ನ ಚಿಗವ್ವನ ಮಗಳು ಗುರುಬಾಯಿ. ಅವಳ ಮನೆ ಇಂಡಿಯ ಬಸ್ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರ. ಬಾಗಿಲು ತೆರೆದವಳು ಅಲ್ಲೇ ನಿಂತಳು.

"ಒಂದ್ ಫೋನರ ಮಾಡಬಾರದೇನ ಅಕ್ಕಾ?"

"ಮಾಡಿದ್ರ ಬ್ಯಾಡ ಅಂತಿದ್ದಿ."

ಅವಳು ಇಲ್ಲ ಎನ್ನಲಿಲ್ಲ. ಒಳಗೆ ಕರೆದು ಬಿಸಿನೀರು ಕೊಟ್ಟಳು. ಮಧ್ಯಾಹ್ನ ರೊಟ್ಟಿ, ತೊಗರಿಬೇಳೆ, ಬದನೆಕಾಯಿ, ಶೇಂಗಾ ಹಿಂಡಿ ಬಡಿಸಿದಳು. ತಟ್ಟೆಯಲ್ಲಿ ಹಸಿರು ಎಂಬುದಿರಲಿಲ್ಲ. ನಾನು ನೋಡಿದ್ದು ಅವಳಿಗೆ ತಿಳಿಯಿತು.

"ಪಲ್ಲೆ ಸೋಸೂದ ಬಿಟ್ಟೇನಿ. ಮೆಂತೆ ಸೈತ ಮನಿಯೊಳಗ ತರಸೂದಿಲ್ಲ. ಈ ವರ್ಷ ಅಮಾಸಿಗಿ ನಿನ್ನ ಕರೀಬೇಕಂತ ಮನಸ್ಸಿತ್ತು ಅಕ್ಕಾ. ಯಾವ ಬಾಯಿಲೆ ಕರೀಲಿ?"

ಗುರುಬಾಯಿಗೆ ಅಂದು ಆಸ್ಪತ್ರೆಯ ಗೋಡೆಯ ತುಂಬ ಕೆಂಪಿರುವೆ ಕಂಡವಂತೆ. ರಾತ್ರಿಯವರೆಗೂ ಗುಡಿಸಿದಳಂತೆ. ಗುಡಿಸಿದಷ್ಟೂ ಅವು ತಲೆಯ ಮೇಲಿಂದ ಇಳಿಯುತ್ತಿದ್ದವು. ಅವಳು ಹೇಳುವಾಗಲೂ ಬೆರಳುಗಳು ತೊಡೆಯ ಮೇಲಿನ ಸೀರೆಯನ್ನು ಜಾಡಿಸುತ್ತಿದ್ದವು. ಆಮೇಲೆ ನಾನು ನನ್ನದನ್ನು ಹೇಳಿದೆ. ಯಜಮಾನರು ಬಂದಿದ್ದರು ಎಂದಾಗ ಅವಳು ತಟ್ಟೆ ತೆಗೆದುಕೊಂಡು ಎದ್ದುಬಿಟ್ಟಳು.

"ಆ ಮಾತ ಆಡಬ್ಯಾಡ. ಅದು ವಿಷ. ನಾ ಕೈಯಾರೆ ನಿಮಗ ಹಾಕೀನಿ. ಅದರಾಗ ಚಲೋದು ಏನೂ ಇರಾಕಿಲ್ಲ."

ಅವಳಿಗೆ ಅದು ಹಾಗೇ ಇರಬೇಕಾಗಿತ್ತು. ನಾನು ಮತ್ತೆ ಆ ಮಾತು ಎತ್ತಲಿಲ್ಲ. ಸಂಜೆ ಅವಳ ಗಂಡ ಮಲ್ಲಪ್ಪ ಬೀಜದ ಅಂಗಡಿ ಮುಚ್ಚಿಕೊಂಡು ಬಂದರು. ಮದಗುಣಕಿಯನ್ನು ಬೇರುಸಹಿತ ಕೀಳಿಸಿದರೂ ಮಳೆಗಾಲದಲ್ಲಿ ಅದೇ ಬದುವಿನಲ್ಲಿ ಮತ್ತೆ ಎದ್ದಿತ್ತು ಎಂದರು. ಅಂದು ನಮ್ಮನ್ನು ನೋಡಿಕೊಂಡ ನರ್ಸ್ ರೇಣುಕಾ ಈಗ ವರ್ಗವಾಗಿ ಬಸವನ ಬಾಗೇವಾಡಿಯಲ್ಲಿದ್ದಾರೆಂದು ತಿಳಿದದ್ದೂ ಅವರಿಂದಲೇ. ಹಾಗಾಗಿ ನನ್ನ ದಾರಿ ಉಂಡ ಇನ್ನಿಬ್ಬರಿರುವ ಸಿಂದಗಿ, ಮುದ್ದೇಬಿಹಾಳ, ಆಮೇಲೆ ಬಾಗೇವಾಡಿ ಎಂದು ಗೊತ್ತಾಯಿತು.

ಮರುದಿನ ಸಿಂದಗಿಯ ಬಸ್ಸು ಅರ್ಧ ಖಾಲಿಯಿತ್ತು. ರಸ್ತೆಯ ಎರಡೂ ಕಡೆ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು, ನಡುನಡುವೆ ಕುಸುಬಿಯ ಹಳದಿ. ಒಂದು ಹೊಲದಲ್ಲಿ ಬೆಂಕಿ ಹಾಕಿ ಎಳೆತೆನೆ ಸುಡುತ್ತ ಕೂತವರು ಬಸ್ಸಿನ ಕಡೆ ಕೈ ಬೀಸಿದರು. ನಾನೂ ಬೀಸಿದೆ. ಅವರು ಕೈ ಬೀಸಿದ್ದು ಮುಂದಿನ ಸೀಟಿನವನಿಗೆ ಎಂದು ಆಮೇಲೆ ತಿಳಿಯಿತು.

ಸಿಂದಗಿಯಲ್ಲಿ ಮೈಬೂಬಸಾಬರ ಗಡಿಯಾರ ರಿಪೇರಿ ಅಂಗಡಿ ಅವರ ಮನೆಯ ಮುಂಭಾಗದಲ್ಲೇ ಇದೆ. ಅವರು ಮಲ್ಲಪ್ಪನವರ ಹಳೆಯ ಸ್ನೇಹಿತರು. ಅಂದು ನನ್ನ ಪಕ್ಕದಲ್ಲೇ ಉಂಡಿದ್ದರು. ಈಗ ಗಡಿಯಾರಕ್ಕಿಂತ ಮೊಬೈಲ್ ಕವರುಗಳೇ ಹೆಚ್ಚು ಮಾರುತ್ತವಂತೆ. ನನ್ನನ್ನು ಕಂಡು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದರು.

"ಬರ್ರಿ ಅಕ್ಕಾರ. ಚಾ ತರಸ್ತೇನಿ."

ಅಂದಿನ ದಿನ ಏನು ಕಂಡಿತು ಎಂದು ಕೇಳಿದೆ.

"ಏನೂ ಇಲ್ರಿ. ಊಟಕ್ಕ ಕುಂತಿದ್ದು ಗೊತ್ತು, ದವಾಖಾನಿ ಪಂಕಾ ನೋಡಿದ್ದು ಗೊತ್ತು. ನಡುವ ಪೂರಾ ಖಾಲಿ. ನಿದ್ದಿ ಮಾಡಿ ಎದ್ರ ನಿದ್ದಿ ಮಾಡೇನಿ ಅಂತರ ಗೊತ್ತಾಗತೈತಿ. ಇದು ಹಂಗಲ್ಲ. ಒಂದ್ ದಿನಾನ ಯಾರೋ ಎತ್ತಿಕೊಂಡ ಹೋಗ್ಯಾರ."

ಅವರ ದನಿಯಲ್ಲಿ ದೂರು ಇರಲಿಲ್ಲ, ಬರೀ ಅಚ್ಚರಿ ಇತ್ತು. ಪರದೆಯ ಹಿಂದಿನಿಂದ ಅವರ ಹೆಂಡತಿ ಬೀಬಿಜಾನ ಚಹಾ ತಂದರು.

"ಸುದ್ದಿ ಕೇಳಿ ದವಾಖಾನಿಗಿ ಓಡಿ ಬಂದಿದ್ದಳು, ಈಕಿಗಿ ಎಲ್ಲಾ ಗೊತ್ತೈತ್ರಿ," ಎಂದರು ಮೈಬೂಬಸಾಬ. "ನಾ ಏನೇನ ಅಂದೇನಿ ಅಂತ ಕೇಳಿದ್ರ ಹೇಳವಲ್ಲಳು. ನಗತಾಳ."

"ಏನೂ ಅಂದಿಲ್ರಿ. ಗಾಳ್ಯಾಗ ಗಡಿಯಾರ ಬಿಚ್ಚೂದು, ಹಚ್ಚೂದು. ಅಷ್ಟ ಮಾಡಿದ್ರು," ಎಂದು ಆಕೆ ನಕ್ಕರು.

ಆದರೆ ನನ್ನನ್ನು ಖಾನಾವಳಿಯವರೆಗೆ ಕಳಿಸಿಕೊಡುವ ನೆಪದಲ್ಲಿ ಜೊತೆಗೆ ಬಂದು, ಓಣಿ ತಿರುಗಿದ ಮೇಲೆ ಮೆಲ್ಲಗೆ ಹೇಳಿದರು. "ಸಣ್ಣ ಮಗೂನಂಗ ಅವ್ವನ್ನ ಕರದು ಅತ್ರು ಅಕ್ಕಾರ. ನನ್ನ ಗುರ್ತ ಹಿಡೀಲಿಲ್ಲ. ಅದನ್ನ ಹೇಳಿದ್ರ ಅವರಿಗಿ ನಾಚಿಕಿ ಆಗತೈತಿ, ಹೌದಿಲ್ರಿ? ಅದಕ್ಕ ನಕ್ಕ ಬಿಡ್ತೇನಿ."

ಖಾನಾವಳಿಯಲ್ಲಿ ಎರಡು ರೊಟ್ಟಿ, ಎಣ್ಣೆಗಾಯಿ, ಒಂದು ಗ್ಲಾಸು ಮಜ್ಜಿಗೆ. ಒಬ್ಬಳೇ ಇದ್ದುದರಿಂದ ಗೋಡೆಗೆ ಹತ್ತಿದ ಸಣ್ಣ ಟೇಬಲ್ಲಿಗೆ ಕೂರಿಸಿದರು. ನಾನು ಅಂದು ಏನು ಮಾತಾಡಿದ್ದೆನೆಂದು ನೆನಪಿಟ್ಟುಕೊಂಡು ನಗುವವರು ಯಾರೂ ಇಲ್ಲವಲ್ಲ ಎಂದು ಉಣ್ಣುವಾಗ ಅನ್ನಿಸಿತು.

ಸಿಂದಗಿಯಲ್ಲಿ ಇರುಳು ಕಳೆದು ಮುದ್ದೇಬಿಹಾಳಕ್ಕೆ ಹೊರಟೆ. ದೇವರ ಹಿಪ್ಪರಗಿಯಲ್ಲಿ ಬಸ್ಸು ಬದಲಿಸಬೇಕಾಯಿತು. ಅಂದು ಅಲ್ಲಿ ಸಂತೆ. ತೊಗರಿ ಚೀಲ, ಕೋಳಿಬುಟ್ಟಿ, ಹೊಸ ಕೊಡಗಳ ನಡುವೆ ನಿಂತು ಬಸ್ಸು ಹತ್ತುವಷ್ಟರಲ್ಲಿ ಸೀರೆಯ ಸೆರಗು ಹರಿಯಿತು. ತಾಳಿಕೋಟೆ ದಾಟುವವರೆಗೂ ನಿಂತೇ ಪ್ರಯಾಣ. ಮುದ್ದೇಬಿಹಾಳ ತಲುಪಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಲಾಡ್ಜಿನ ಮ್ಯಾನೇಜರು ನನ್ನ ಹಿಂದೆ ಬಾಗಿಲ ಕಡೆ ನೋಡಿ, "ಇನ್ನೊಬ್ಬರು ಬರೋರದಾರೇನ್ರಿ?" ಎಂದರು. ಇಲ್ಲ ಎಂದೆ. ಬೀಗದ ಕೈ ಕೊಡುವ ಮೊದಲು ಇನ್ನೊಮ್ಮೆ ಕೇಳಿದರು.

ಪಲ್ಯ ಉಂಡ ನಾಲ್ಕನೆಯವರು ಈರಣ್ಣ, ಅಲ್ಲಿಯ ಒಂದು ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಮೊದಲು ಇಂಡಿಯಲ್ಲಿದ್ದಾಗ ಮಲ್ಲಪ್ಪನವರ ಮನೆಯಲ್ಲಿ ಬಾಡಿಗೆಗಿದ್ದವರು. ನಲವತ್ತರ ಹತ್ತಿರದ ವಯಸ್ಸು, ಮದುವೆಯಾಗಿಲ್ಲ. ನಾನು ಹೋದಾಗ ಮನೆಯ ಕಟ್ಟೆಯ ಮೇಲೆ ಒಂದು ಕಾಲು ಚಾಚಿಕೊಂಡು ಕೂತಿದ್ದರು. ಪಕ್ಕದಲ್ಲಿ ಕೋಲಿತ್ತು. ಹೋದ ವರ್ಷ ಹೊಲದಲ್ಲಿ ಗಾಳಿಪಟ ಹಾರಿಸಿ ಓಡಾಡಿದ ಮನುಷ್ಯ ಇವರೇ.

"ಕಾಲಿಗಿ ಏನಾತ್ರಿ?" ಎಂದೆ.

ಅವರು ಉತ್ತರ ಕೊಡದೆ, "ನಿಮಗ ಯಾರ ಬಂದಿದ್ರು ಮೇಡಮ್?" ಎಂದರು.

ನನ್ನನ್ನು ಹೀಗೆ ಕೇಳಿದವರು ಅವರೊಬ್ಬರೇ. ಮೂರು ದಿನದ ದಾರಿಯುದ್ದಕ್ಕೂ ತಡೆದಿಟ್ಟ ಮಾತೆಲ್ಲ ಹೊರಬಂತು. ಯಜಮಾನರು ಕೂತ ರೀತಿ, ಕೈಯ ಬಿಸುಪು, ಓ ಎಂದದ್ದು ಎಲ್ಲ ಹೇಳಿದೆ. ಅವರು ಕಣ್ಣು ಮಿಟುಕಿಸದೆ ಕೇಳಿದರು. ಅವರಿಗೆ ಅಣ್ಣ ಬಂದಿದ್ದನಂತೆ. ಕಾಯಿಲೆ ಬಿದ್ದು ತೀರಿಹೋದ ಅಣ್ಣ. ಇಬ್ಬರೂ ಕೂತು ಬೀಡಿ ಸೇದಿದರಂತೆ.

"ಬೀಡಿ ಕೈಯಾಗ ಇರತಿತ್ತು, ನೋಡಿದ್ರ ಇರತಿರಲಿಲ್ಲ. ನಮ್ಮಣ್ಣ ಮತ್ತೊಂದ ಹಚ್ಚಿ ಕೊಡತಿದ್ದ. ಖರೇ ಹೇಳತೇನಿ, ನಾ ಬೀಡಿ ಸೇದಾಂವ ಅಲ್ಲ." ಸ್ವಲ್ಪ ತಡೆದು ಕೇಳಿದರು. "ಮತ್ತ ತಗೋಬೇಕು ಅನಸೈತೇನ್ರಿ ನಿಮಗ?"

ನಾನು ಬೀದಿಯ ಕಡೆ ನೋಡಿದೆ. ಎದುರು ಮನೆಯವಳು ಶಾವಿಗೆ ಒಣಹಾಕುತ್ತಿದ್ದಳು.

"ಅನಸೈತಿ," ಎಂದೆ.

"ನಾ ತಗೊಂಡೆ. ಶ್ರಾವಣದಾಗ."

ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. ಅಣ್ಣನನ್ನು ನೆನೆದು, ಅವನ ಫೋಟೋ ಎದುರಿಗಿಟ್ಟುಕೊಂಡು, ಮಾಳಿಗೆಯ ಮೇಲೆ ಕೂತು ಕಾದರು. ಅಣ್ಣ ಬರಲಿಲ್ಲ. ಬಂದವನು ಎಂದೂ ನೋಡಿರದ ಒಬ್ಬ ಗಂಡಸು. ಅಳತೆಪಟ್ಟಿ ಹಿಡಿದು ಗೋಡೆ ಅಳೆಯತೊಡಗಿದ. ಗೋಡೆ ಮುಗಿದ ಮೇಲೆ ಇವರನ್ನು ಅಳೆದ. ಎತ್ತರ, ತೋಳು, ಕುತ್ತಿಗೆ. ಇವರು ನೀರು ಕೇಳಿದರೆ ಅಳತೆ ಹೇಳುತ್ತಿದ್ದ. ಅವನಿಂದ ತಪ್ಪಿಸಿಕೊಳ್ಳಲು ಮೆಟ್ಟಿಲು ಎಂದುಕೊಂಡು ಕಾಲಿಟ್ಟಲ್ಲಿ ಮೆಟ್ಟಿಲಿರಲಿಲ್ಲ. ತೊಡೆಯೊಳಗೆ ಈಗ ಕಬ್ಬಿಣದ ಸರಳಿದೆ. ಹಲವು ದಿನ ಮೂತ್ರ ಕಟ್ಟಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಉಳಿದದ್ದೇ ಹೆಚ್ಚು ಎಂದು ಡಾಕ್ಟರು ಹೇಳಿದರಂತೆ.

"ಯಾರನ್ನ ಕರಸಬೇಕು ಅನ್ನೂದು ನಮ್ಮ ಕೈಯಾಗಿಲ್ರಿ ಮೇಡಮ್. ನಮ್ಮಣ್ಣ ಅಲ್ಲೇ ಎಲ್ಲೋ ಇದ್ದ, ನಾ ಕದ ತಗದೆ, ಬಂದ ಅಂತ ತಿಳಕೊಂಡಿದ್ದೆ. ಹಂಗಲ್ಲ ಅದು. ಆ ಅಳತಿ ಮಾಡಾಂವ ಇವತ್ತಿಗೂ ಕನಸಿನ್ಯಾಗ ಬರ್ತಾನ. ಅಣ್ಣ ಬರೂದಿಲ್ಲ. ಮದಲ ಆಗಾಗ ಬರತಿದ್ದ, ಈಗ ಅದೂ ಹೋತು."

ಚಹಾ ಮಾಡುತ್ತೇನೆಂದು ಕೋಲೂರಿ ಎದ್ದರು. ನಾನೇ ಒಳಗೆ ಹೋಗಿ ಮಾಡಿದೆ. ಗೋಡೆಯುದ್ದಕ್ಕೂ ಪೆನ್ಸಿಲಿನಲ್ಲಿ ಬಿಡಿಸಿದ ಒಬ್ಬನೇ ಗಂಡಸಿನ ಚಿತ್ರಗಳಿದ್ದವು. ಅವನ ಮುಖ ಯಾವುದರಲ್ಲೂ ಮುಗಿದಿರಲಿಲ್ಲ. ಚಹಾ ಕುಡಿಯುವಾಗ ಧಾರವಾಡದ ವಾಕಿಂಗ್ ದಾರಿಯ ಗಿಡದ ಮಾತನ್ನೂ ಹೇಳಿದೆ. ಹೊರಡುವಾಗ ಅವರು, "ಆ ಗಿಡ ಇರೋ ದಾರಿ ಬಿಟ್ಟು ಬ್ಯಾರೆ ಕಡೆ ವಾಕಿಂಗ್ ಹೋಗ್ರಿ," ಎಂದರು. ಆಗಲಿ ಎಂದೆ. ಅದು ಮಾತಿಗೆ ಹೇಳಿದ್ದಾಗಿರಲಿಲ್ಲ. ಅಳೆಯುವವನನ್ನು ನೆನೆದು ಲಾಡ್ಜಿನ ಕೋಣೆಯಲ್ಲಿ ದೀಪ ಆರಿಸದೆ ಮಲಗಿದೆ.

ನಾಲ್ಕನೆಯ ದಿನ ಬಸವನ ಬಾಗೇವಾಡಿ. ಬಸ್ಸು ಹೂವಿನ ಹಿಪ್ಪರಗಿಯ ಮೇಲೆ ಹೋಯಿತು. ಬಾಗೇವಾಡಿಯಲ್ಲಿ ಇಳಿದು, ಗುಡಿಯ ಹತ್ತಿರ ಒಂದು ಅಂಗಡಿಯಲ್ಲಿ ಚುರುಮುರಿಯ ಸುಸಲಾ, ಮಿರ್ಚಿ ತಿಂದೆ. ಗುಡಿಯೊಳಗೆ ಹೋಗಿ ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ಕೂತೆ. ಬೆಳಗಿನ ಡ್ಯೂಟಿ ಮುಗಿಸಿ ನರ್ಸ್ ರೇಣುಕಾ ಮನೆಗೆ ಬರುವ ಹೊತ್ತಿಗೆ ಅವರ ಬಾಗಿಲಲ್ಲಿದ್ದೆ. ಮೂವತ್ತೈದರ ಹೆಣ್ಣುಮಗಳು, ಗಟ್ಟಿ ದನಿ.

"ಸುಮಿತ್ರಾಬಾಯಾರ. ನಿಮ್ಮನ್ನ ಮರಿಯಾಕ ಆಗತೈತೇನ್ರಿ? ಬರ್ರಿ ಒಳಗ."

ನಾನು ಅಂದು ಏನು ಮಾಡಿದೆ, ಏನು ಮಾತಾಡಿದೆ, ಅದನ್ನಷ್ಟೇ ಹೇಳಿ ಎಂದೆ. ಅವರು ನಕ್ಕರು.

"ಸಲಾಯಿನ್ ಸೂಜಿ ಕಿತ್ತು ಕಿತ್ತು ಒಗಿಯಾಕತ್ತಿದ್ರಿ. ಹಬ್ಬದ ದಿನ, ನಾವ್ ಇದ್ದಾವರೇ ಇಬ್ಬರು. ಮಲ್ಲಪ್ಪನವರು ಮೂರ ಮಂದಿ ಕಡೆ ಓಡ್ಯಾಡಾಕತ್ತಿದ್ರು. 'ಏನ್ರಿ, ಎಲ್ಲದೀರಿ' ಅಂತ ನೀವು ಒಂದ ಸವನ ಕರಿಯೂದು. ಯಾರ ಓ ಅನ್ನಬೇಕು? ಕಡೀಕ ಅವರು ಬಂದು ಕೈ ಹಿಡಕೊಂಡು ಕುಂತ ಮ್ಯಾಲ ತಣ್ಣಗಾದ್ರಿ."

"ಯಾರು?"

"ಬಾಜು ಕಾಟಿನ್ಯಾಗ ಒಬ್ಬಾಕಿ ಇದ್ದಳಲ್ರಿ, ಆಕಿ ಗಂಡ."

ಅವರು ಮುಂದೆ ಹೇಳುತ್ತಿದ್ದರು. ನಾನು ಒಂದು ಕ್ಷಣ ಏನೂ ಕೇಳಿಸಿಕೊಳ್ಳಲಿಲ್ಲ. ನಮ್ಮಲ್ಲಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ನಾನೂ ಎಂದೂ ಕರೆದವಳಲ್ಲ. ಏನ್ರಿ ಎಂದರೆ ಯಾವ ಗಂಡಸಾದರೂ ಓ ಎನ್ನಬಹುದಿತ್ತು.

"ಹೆಂಗ ಇದ್ರು ಅವರು?" ಎಂದು ಕೇಳಿದೆ.

"ವಯಸ್ಸಾದವರು. ಆಲಮೇಲ ಕಡೆಯವರು ಅಂದಂಗ ಇತ್ತು, ಹೆಸರು ಗೊತ್ತಿಲ್ರಿ. ಹೆಂಡತಿಗಿ ಹಾವು ಕಡದಿತ್ತು. ಎಚ್ಚರಿದ್ದಿಲ್ಲ. ಮುಂಜಾನಿಯಿಂದ ಆಕಿನ್ನ ಕರದು ಕರದು ಅವರ ಗಂಟಲ ಬಿದ್ದಿತ್ತು. ನಿಮ್ಮ ಕೈ ಹಿಡದದ್ದು ನೋಡಿ, ಯಾಕ್ರಿ ಯಜಮಾನ್ರ, ಅಂದೆ. 'ನಮ್ಮಾಕಿನ್ನ ಕರದ್ರ ಓ ಅನವಲ್ಲಳು. ಈ ತಂಗಿ ಕರದ್ರ ಓ ಅನ್ನಾವರಿಲ್ಲ. ನಾ ಅಂದ್ರ ನಂದೇನ ಹೋಗತೈತಿ ತಂಗಿ,' ಅಂದ್ರು. ಒಂದ ಕೈಯಾಗ ಹೆಂಡತಿ ಕೈ, ಒಂದ ಕೈಯಾಗ ನಿಮ್ದು. ನಡುವ ಕುಂತಿದ್ರು."

"ನಾ ಏನ ಮಾತಾಡಿದೆ ಅವರ ಜೋಡಿ?"

"ಮನಿ ಮಾತರಿ. ಗ್ಯಾಸ್ ಮುಗದೈತಿ ಅಂದ್ರಿ. ಗೋದಿ ಬೀಸಿಕೊಂಡ ಬರ್ರಿ ಅಂದ್ರಿ. ಅವರು ಹ್ಞೂಂ, ತರ್ತೇನಿ, ಅಂದ್ರು. ಆಮ್ಯಾಲ 'ಊಟ ಮಾಡಿದ್ರೇನು' ಅಂತ ಕೇಳಿದ್ರಿ ನೋಡ್ರಿ. ಅದಕ್ಕ ಮಾತ್ರ ಅವರಿಗಿ ಮಾತ ಹೊಂಡಲಿಲ್ಲ. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ ಅವರು. ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ರಿ. ಆಗ ಹೋಗಿ ಚಾ, ಬನ್ನು ತಂದು ಕೊಟ್ಟೆ."

ಅವರ ಹೆಂಡತಿ ಏನಾದರು ಎಂದು ಕೇಳಿದೆ. ಅಂದು ಸಂಜೆಯೇ ವಿಜಯಪುರಕ್ಕೆ ಕಳಿಸಿದರಂತೆ. ಅಂಬುಲೆನ್ಸ್ ಹತ್ತುವ ಮುಂಚೆ ಅವರು ನನ್ನ ಕೈಯನ್ನು ಹೊದಿಕೆಯೊಳಗೆ ಇಟ್ಟು ಹೋದರಂತೆ. ಮುಂದಿನದು ರೇಣುಕಾ ಅವರಿಗೆ ಗೊತ್ತಿರಲಿಲ್ಲ.

ಊಟ ಮಾಡಿ ಹೋಗಿ ಎಂದರೂ ನಿಲ್ಲಲಿಲ್ಲ. ಬಸ್ ನಿಲ್ದಾಣದವರೆಗೆ ನಡೆದೆ. ಒಂದು ವರ್ಷ ನಾನು ಜೋಪಾನ ಮಾಡಿದ ಕೈ ನನ್ನ ಯಜಮಾನರದಾಗಿರಲಿಲ್ಲ. ಅವರು ಬಂದಿರಲೇ ಇಲ್ಲ. ಇದು ಎರಡನೆಯ ಸಲ ಅವರನ್ನು ಕಳೆದುಕೊಂಡಂತೆ ಎಂದುಕೊಂಡೆ, ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ಮದಗುಣಕಿ ನನಗೆ ತೋರಿಸಿದ್ದು ಸುಳ್ಳು. ಆದರೆ ಕೈಯ ಬಿಸುಪು ಸುಳ್ಳಾಗಿರಲಿಲ್ಲ, ಓ ಎಂಬ ದನಿಯೂ ಸುಳ್ಳಾಗಿರಲಿಲ್ಲ. ಅದನ್ನು ಯಾವ ಎಲೆಯೂ ಮತ್ತೆ ತಂದುಕೊಡಲಾರದು.

ನಿಲ್ದಾಣದಲ್ಲಿ ಸಿಂದಗಿಯ ಬಸ್ಸು ನಿಂತಿತ್ತು. ಅಲ್ಲಿಂದ ಆಲಮೇಲಕ್ಕೆ ಬಸ್ಸುಗಳಿವೆ. ಹೆಸರಿಲ್ಲದ ಮುದುಕರನ್ನು ಹುಡುಕಿದರೆ ಸಿಗಲಿಕ್ಕಿಲ್ಲ ಎಂದೇನಿಲ್ಲ, ಹಾವು ಕಡಿದ ಮನೆ ಊರಿಗೆಲ್ಲ ಗೊತ್ತಿರುತ್ತದೆ. ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟೆ. ಅವರ ಮನೆಯ ಬಾಗಿಲಲ್ಲಿ ನಿಂತು ಏನು ಕೇಳಲಿ ಎಂದು ಯೋಚಿಸಿ ಕಾಲು ಹಿಂದೆ ತೆಗೆದೆ. ಕೇಳುವುದು ಒಂದೇ ಮಾತು, ಅವರ ಹೆಂಡತಿ ಉಳಿದರೇ ಎಂದು. ಅದರ ಉತ್ತರ ಕೇಳುವ ಧೈರ್ಯ ನನಗಿರಲಿಲ್ಲ.

"ಹತ್ತೂದಿದ್ರ ಹತ್ರಿ ಬಾಯಾರ, ಬಿಡಾಕತ್ತೇವಿ," ಎಂದ ಕಂಡಕ್ಟರ್.

"ಇಲ್ಲಪ್ಪಾ, ನೀವ್ ಹೋಗ್ರಿ," ಎಂದೆ.

ನಿಡಗುಂದಿಗೆ ಹೋಗಿ ಬಾಗಲಕೋಟೆಯ ಬಸ್ಸು ಹಿಡಿದೆ. ಕಿಟಕಿಯ ಸೀಟು ಸಿಕ್ಕಿತು. ಆಲಮಟ್ಟಿಯ ಹಿನ್ನೀರು ಸಂಜೆಯ ಬಿಸಿಲಿಗೆ ದೂರದವರೆಗೆ ಹೊಳೆಯುತ್ತಿತ್ತು. ಬಿಟ್ಟುಬಂದ ದಿಕ್ಕಿಗೆ ತಿರುಗಿ ನೋಡಿದೆ. ವಿಜಯಪುರದ ಯಾವುದೋ ಆಸ್ಪತ್ರೆಯಲ್ಲಿ, ಅಂದು ರಾತ್ರಿಯೋ ಮರುದಿನವೋ, ಆ ತಾಯಿ ಕಣ್ಣು ತೆರೆದು ತನ್ನ ಗಂಡನಿಗೆ ಓ ಎಂದಿರಲಿ.